ದಿವಂಗತ ಗೋಲ್‌ಕೀಪರ್

ಸೆಂಬವಾಂಗ್, ಸಿಂಗಾಪುರ
2 ಮಾರ್ಚ್ 2025

ದಿವಂಗತ ಅನಂತರಾಮ್ ಅವರ ಮನೆಯ ಹಿರಿಯರಿಗೆ,

ನಮಸ್ಕಾರ. ನನ್ನ ಹೆಸರು ಅಪೇಕ್ಷಾ. ಅನಂತರಾಮ್ ಅಂಕಲ್ ಓದಿದ ಕಾಲೇಜಿನಲ್ಲೇ ಮೂರನೇ ವರ್ಷ ಓದುತ್ತಿದ್ದೇನೆ. ಕಾಲೇಜಿನ ಪುರುಷರ ಐಸ್ ಹಾಕಿ ತಂಡಕ್ಕೆ ನಾನು ಮ್ಯಾನೇಜರ್. ಅಂದರೆ ಬಸ್ ಬುಕ್ ಮಾಡುವುದು, ನೀರಿನ ಬಾಟಲಿ ತುಂಬುವುದು, ಬಿದ್ದವರಿಗೆ ಐಸ್ ಪ್ಯಾಕ್ ಕೊಡುವುದು. ಮಂಜುಗಡ್ಡೆಯ ಮೇಲೆ ಬಿದ್ದವರಿಗೆ ಮತ್ತೆ ಮಂಜುಗಡ್ಡೆಯನ್ನೇ ಕೊಡುತ್ತೀಯಲ್ಲ ಎಂದು ಅಮ್ಮ ನಗುತ್ತಾರೆ.

ಈ ಜುಲೈಗೆ ನಮ್ಮ ತಂಡದ ಇಪ್ಪತ್ತೈದನೇ ಸೀಸನ್ ಶುರುವಾಗುತ್ತದೆ. ಅಂಕಲ್ ನಮ್ಮ ಮೊದಲ ಗೋಲ್‌ಕೀಪರ್. ನಾನು ಅವರನ್ನು ನೋಡಿಲ್ಲ, ಆದರೆ ಅವರ ಹೆಸರು ಕೇಳದೆ ನಮ್ಮ ಸೀಸನ್ ಶುರುವಾಗುವುದಿಲ್ಲ. ಮೊದಲ ಮ್ಯಾಚಿಗೆ ಮುಂಚೆ ಹುಡುಗರೆಲ್ಲ ಸಾಲಾಗಿ ನಿಲ್ಲುತ್ತಾರೆ. ಕ್ಯಾಪ್ಟನ್ ಒಬ್ಬೊಬ್ಬರ ಹೆಸರು ಕೂಗುತ್ತಾನೆ, ಕೂಗಿಸಿಕೊಂಡವನು ಸ್ಟಿಕ್ಕನ್ನು ಒಮ್ಮೆ ಐಸಿಗೆ ಬಡಿಯುತ್ತಾನೆ. ಕೊನೆಗೆ ‘ಅನಂತರಾಮ್’ ಎಂದು ಕೂಗಿ ಎಲ್ಲರೂ ಒಂದು ನಿಮಿಷ ಸುಮ್ಮನೆ ನಿಲ್ಲುತ್ತಾರೆ. ಅವರ ಒಂದನೇ ನಂಬರಿನ ಜರ್ಸಿಯನ್ನು ಯಾರೂ ಹಾಕುವುದಿಲ್ಲ, ಅದಕ್ಕೆ ಬೇರೆಯೇ ಹುಕ್ ಇದೆ.

ಮೊದಲ ಮ್ಯಾಚಿಗೆ ಅವರ ಮನೆಯವರು ಯಾರಾದರೂ ಬಂದರೆ ನಮಗೆ ತುಂಬಾ ಸಂತೋಷ. ಹಳೆಯ ರಿಜಿಸ್ಟರಿನಲ್ಲಿ ಮೈಸೂರಿನ ಈ ವಿಳಾಸ ಸಿಕ್ಕಿತು. ನಾವು ಉಡುಪಿ ಕಡೆಯವರು, ಮನೆಯಲ್ಲಿ ತುಳು. ನಾನು ಕನ್ನಡ ಕಲಿತದ್ದು ಭಾನುವಾರದ ಕ್ಲಾಸಿನಲ್ಲಿ. ಅಮ್ಮ ಉಮಾವತಿ ತಿದ್ದಿದ್ದಾರೆ, ಉಳಿದ ತಪ್ಪು ನನ್ನದು.

ಗೌರವದಿಂದ,
ಅಪೇಕ್ಷಾ


ಬ್ಯೂನಾ ವಿಸ್ಟಾ, ಸಿಂಗಾಪುರ
19 ಮಾರ್ಚ್ 2025

ಅಪೇಕ್ಷಾ,

ನಿನ್ನ ಕಾಗದ ಮೈಸೂರಿನಲ್ಲಿ ನನ್ನ ಅಕ್ಕ ಸರಳಾಳ ಕೈಗೆ ಸಿಕ್ಕಿತು. ಓದಿದವಳು ಫೋನ್ ಮಾಡಿದಳು. ನಾನು ಎತ್ತಿದ ಕೂಡಲೇ ‘ಇದ್ದೀಯೇನೋ?’ ಅಂದಳು. ಇದ್ದೀನಿ ಅಂದೆ. ‘ಇಷ್ಟು ವರ್ಷ ಪಕ್ಷದಲ್ಲಿ ನಿನಗೊಂದು ಎಡೆ ಇಡದೆ ತಪ್ಪು ಮಾಡಿದ್ವಲ್ಲೋ’ ಎಂದು ನಗುತ್ತಾ ಕೂತಳು. ಆಮೇಲೆ ಕಾಗದವನ್ನು ಇನ್ನೊಂದು ಲಕೋಟೆಗೆ ಹಾಕಿ ನನಗೆ ಕಳಿಸಿದಳು. ನನ್ನ ಹೆಂಡತಿ ನಿಶ್ಚಿತಾ ಓದಿ, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಅಡುಗೆ ಮನೆಗೆ ಹೋದಳು.

ನಾನು ಬದುಕಿದ್ದೇನೆ. ಎಡ ಮಂಡಿ ಒಂದು ಬಿಟ್ಟರೆ ಆರೋಗ್ಯ ಚೆನ್ನಾಗಿದೆ. ಟುವಾಸ್‌ನಲ್ಲಿ ಮೀನು, ಮಾಂಸ ಇಡುವ ಕೋಲ್ಡ್ ಸ್ಟೋರೇಜ್ ಕಟ್ಟುವ ಕಂಪನಿಯಲ್ಲಿ ಎಂಜಿನಿಯರ್. ಓದು ಮುಗಿದ ಮೇಲೂ ಈ ಊರು ಬಿಟ್ಟು ಹೋಗಲಿಲ್ಲ. ನೀವು ಒಂದು ನಿಮಿಷ ಸುಮ್ಮನೆ ನಿಲ್ಲುತ್ತಿದ್ದ ಅಷ್ಟೂ ವರ್ಷ ನಾನು ನಿಮ್ಮಿಂದ ಕೆಲವು ಎಂಆರ್‌ಟಿ ರೈಲು ಸ್ಟೇಷನ್ ಆಚೆ ಊಟ ಮಾಡುತ್ತಲೋ ನಿದ್ದೆ ಮಾಡುತ್ತಲೋ ಇದ್ದೆ.

ತಂಡ ಬಿಟ್ಟದ್ದು ನಿಜ. ಕಾರಣ ಸಾವಲ್ಲ, ಸಿಟ್ಟು. ಅದು ನನಗೂ ನಮ್ಮ ಕ್ಯಾಪ್ಟನ್ ಸಂಪತ್‌ಗೂ ಸೇರಿದ್ದು, ನಿನಗೆ ಬೇಡ.

ನನ್ನ ಫೋನ್ ನಂಬರ್ ಕೊಡುವುದಿಲ್ಲ. ಕೊಟ್ಟರೆ ಯಾವುದಾದರೂ ಗ್ರೂಪಿಗೆ ಸೇರಿಸುತ್ತೀರಿ. ಸತ್ತವನಿಗೆ ಹೇಗೂ ಕಾಗದ ಬರೆದಿದ್ದೀಯ, ಹಾಗೆಯೇ ಮುಂದುವರಿಸು.

ಇತಿ,
ಅನಂತರಾಮ್


ಸೆಂಬವಾಂಗ್
24 ಮಾರ್ಚ್ 2025

ಅನಂತರಾಮ್ ಅಂಕಲ್,

ಸಾರಿ, ಸಾರಿ, ಸಾರಿ. ನಿಮ್ಮ ಕಾಗದ ಓದಿ ಅಮ್ಮ ಮೊದಲು ದೇವರ ಮುಂದೆ ದೀಪ ಹಚ್ಚಿದರು, ಆಮೇಲೆ ನನಗೆ ಬೈದರು. ಸುಳ್ಳು ಸಾವಿನ ಸುದ್ದಿ ಹಬ್ಬಿದರೆ ಆಯುಷ್ಯ ಹೆಚ್ಚುತ್ತದಂತೆ. ಆ ಲೆಕ್ಕದಲ್ಲಿ ನೀವು ನಮಗೆಲ್ಲ ಅಜ್ಜ ಆಗುವವರೆಗೆ ಇರುತ್ತೀರಿ.

ಯಾರು ಶುರು ಮಾಡಿದ್ದು ಎಂದು ಹುಡುಕಿದೆ. ಮೊದಮೊದಲು ಬರೀ ಹೆಸರು ಕೂಗುತ್ತಿದ್ದರಂತೆ. ಹಳಬರು ಪಾಸಾಗಿ ಹೋದರು, ಹೊಸಬರಿಗೆ ಯಾಕೆಂದು ಗೊತ್ತಿರಲಿಲ್ಲ. ಇಲ್ಲದವರ ಹೆಸರು ಕೂಗಿದರೆ ಸತ್ತಿರಬೇಕು ಎಂದುಕೊಂಡರು. ಒಂದು ವರ್ಷ ಯಾರೋ ಮೌನ ಸೇರಿಸಿದರು, ಇನ್ನೊಂದು ವರ್ಷ ಯಾರೋ ಜರ್ಸಿಗೆ ಹೂ ಹಾಕಿದರು. ಹೂವನ್ನು ನಾನೇ ತರುತ್ತೇನೆ ಅಂಕಲ್, ಲಿಟ್ಲ್ ಇಂಡಿಯಾದಿಂದ. ಸೇವಂತಿಗೆ.

ಈಗ ನಾಚಿಕೆ ಬಿಟ್ಟು ಒಂದು ವಿಷಯ ಕೇಳುತ್ತೇನೆ. ಕಾಲೇಜಿನವರು ನಮ್ಮ ತಂಡವನ್ನು ಮುಚ್ಚಬೇಕೆಂದಿದ್ದಾರೆ. ನಾವು ಆಡುತ್ತಿದ್ದ ದೊಡ್ಡ ಐಸ್ ರಿಂಕ್ ಮುಚ್ಚಿಹೋಯಿತು, ಈಗಿರುವುದು ಪುಟ್ಟದು. ಬಿಸಿಲಿನ ಊರಿಗೆ ಈ ಆಟ ಯಾಕೆ ಎಂದು ಸ್ಪೋರ್ಟ್ಸ್ ಕಮಿಟಿ ಕೇಳುತ್ತಿದೆ. ಮೇ 16ಕ್ಕೆ ಮೀಟಿಂಗ್. ತಂಡ ಯಾಕೆ ಉಳಿಯಬೇಕು ಎಂದು ಅದರ ಚರಿತ್ರೆ ಬರೆದುಕೊಡಿ ಅಂದರು, ನಾನು ಬರೆದುಕೊಟ್ಟೆ. ಅದರಲ್ಲಿ ಮುಖ್ಯವಾದದ್ದು ನೀವೇ. ಓದಿದ ಮೇಡಂ ಒಬ್ಬರು ಕಣ್ಣು ಒರೆಸಿಕೊಂಡರಂತೆ. ‘ಸತ್ತ ಪ್ಲೇಯರ್ ಹೆಸರಿರುವ ಟೀಮನ್ನು ಯಾರೂ ಸುಲಭಕ್ಕೆ ಕ್ಲೋಸ್ ಮಾಡಲ್ಲ, ಇದೊಂದೇ ನಮ್ಮ ಹೋಪ್’ ಎಂದು ಕೋಚ್ ಹೇಳುತ್ತಾರೆ.

ಅಂಕಲ್, ಮೇ 16ರವರೆಗೆ ನೀವು ಸತ್ತೇ ಇರಬಹುದಾ?

ಚರಿತ್ರೆಯ ಒಂದು ಕಾಪಿ ಇದರ ಜೊತೆ ಇಟ್ಟಿದ್ದೇನೆ. ಬೈಯಬೇಡಿ.

ಅಪೇಕ್ಷಾ


ಬ್ಯೂನಾ ವಿಸ್ಟಾ
6 ಏಪ್ರಿಲ್ 2025

ಅಪೇಕ್ಷಾ,

ಆಗಲಿ. ಇಷ್ಟು ವರ್ಷ ಇದ್ದವನಿಗೆ ಇನ್ನೊಂದೂವರೆ ತಿಂಗಳು ಕಷ್ಟವೇನಲ್ಲ.

ಆದರೆ ನಿನ್ನ ಚರಿತ್ರೆ ಓದಿ ನನಗೇ ನನ್ನ ಮೇಲೆ ಭಕ್ತಿ ಬಂತು. ‘ಗೋಡೆಯಂತೆ ನಿಂತು ತಂಡವನ್ನು ಕಾಯ್ದ ವೀರ’ ಎಂದು ಬರೆದಿದ್ದೀಯ. ನಮ್ಮ ಮೊದಲ ಮ್ಯಾಚಿನಲ್ಲಿ ಎಷ್ಟು ಗೋಲು ಬಿಟ್ಟೆನೆಂದರೆ, ಸ್ಕೋರ್‌ಬೋರ್ಡಿನ ಹತ್ತಿರ ಕೂತಿದ್ದವನು ಲೆಕ್ಕ ಹಾಕುವುದನ್ನು ಬಿಟ್ಟು ನನಗೆ ಕೈ ಮುಗಿದ. ಐಸಿನ ಮೇಲೆ ನಿಲ್ಲಲು ಬಾರದವನನ್ನು ಗೋಲಿಗೆ ಹಾಕುವುದು ನಮ್ಮ ಪದ್ಧತಿ. ಅವನು ಓಡಾಡಬೇಕಿಲ್ಲ, ಬಿದ್ದರೂ ಅಡ್ಡ ಬೀಳುತ್ತಾನೆ. ಸಂಪತ್ ನನ್ನನ್ನು ಆರಿಸಿದ್ದು ಹಾಗೆ.

ಸ್ಟಿಕ್ಕುಗಳು ‘ಕೆನಡಾದಿಂದ ತರಿಸಿದವು’ ಅಲ್ಲ. ಇಲ್ಲಿದ್ದ ಕೆನಡಾದವರು ಊರಿಗೆ ವಾಪಸ್ ಹೋಗುವಾಗ ಬಿಟ್ಟುಹೋದವು. ಚಿಕ್ಕ ಮಕ್ಕಳ ಸ್ಟಿಕ್ಕುಗಳು, ಆಡಿದವರೆಲ್ಲ ಗೂನು ಬೆನ್ನಿನವರ ಹಾಗೆ ಕಾಣುತ್ತಿದ್ದೆವು. ರಿಂಕ್ ನಮಗೆ ವಾರಕ್ಕೊಮ್ಮೆ ಸಿಗುತ್ತಿತ್ತು. ಉಳಿದ ದಿನ ಸೆಂಬವಾಂಗ್‌ನ ಒಂದು ಬ್ಲಾಕಿನ ಕೆಳಗೆ ಖಾಲಿ ಬಿಟ್ಟ ವಾಯ್ಡ್ ಡೆಕ್‌ನಲ್ಲಿ ಟೆನ್ನಿಸ್ ಚೆಂಡು ಇಟ್ಟುಕೊಂಡು ಪ್ರಾಕ್ಟೀಸು. ಮೇಲಿನ ಮನೆಯ ಚೀನೀ ಅಜ್ಜಿ ಬಂದು ಬೈಯುತ್ತಿದ್ದಳು. ಬೈದು ಮುಗಿಸಿ ಅಲ್ಲೇ ಕೂತು ಆಟ ನೋಡುತ್ತಿದ್ದಳು.

ಸೋತ ದಿನ ತಂಡವೆಲ್ಲ ತುರಿದ ಮಂಜಿನ ಐಸ್ ಕಚಾಂಗ್ ತಿನ್ನುವ ಸಂಪ್ರದಾಯಕ್ಕೆ ನೀನು ಕೊಟ್ಟಿರುವ ಅರ್ಥ ಚೆನ್ನಾಗಿದೆ: ಮಂಜಿನ ಮೇಲೆ ಸೋತವರು ಮಂಜನ್ನೇ ನುಂಗಿ ಶಪಥ ಮಾಡುತ್ತಿದ್ದರು. ನಿಜ ಇಷ್ಟು. ನಮ್ಮ ಆಟ ಮುಗಿಯುವ ಹೊತ್ತಿಗೆ ರಿಂಕಿನ ಕೆಳಗಿನ ಹಾಕರ್ ಸೆಂಟರಿನಲ್ಲಿ ತೆರೆದಿರುತ್ತಿದ್ದದ್ದು ಅದೊಂದೇ ತಿಂಡಿ ಅಂಗಡಿ. ಗೆದ್ದಿದ್ದರೂ ಅದನ್ನೇ ತಿನ್ನುತ್ತಿದ್ದೆವು. ಗೆಲ್ಲಲಿಲ್ಲ.

ಹುಕ್ಕಿನಲ್ಲಿರುವ ಜರ್ಸಿ ನನ್ನದಲ್ಲ. ನನ್ನದು ನನ್ನ ಹತ್ತಿರವೇ ಇತ್ತು, ನೆಲ ಒರೆಸುವ ಬಟ್ಟೆಯಾಗಿ ಮುಗಿಯಿತು. ನೀನು ಸೇವಂತಿಗೆ ಹಾಕುತ್ತಿರುವುದು ಯಾರ ಜರ್ಸಿಗೋ, ವಿಚಾರಿಸು.

ಅಂದಹಾಗೆ ಸಂಪತ್ ಮೊದಲ ಮ್ಯಾಚಿಗೆ ಬರುತ್ತಾನಾ? ನಾನು ಸತ್ತಿಲ್ಲವೆಂದು ಅವನಿಗಂತೂ ಗೊತ್ತಿರಬೇಕಲ್ಲ. ಸುಮ್ಮನೆ ಕೇಳಿದೆ.

ಇತಿ,
ಅನಂತರಾಮ್


ಸೆಂಬವಾಂಗ್
12 ಏಪ್ರಿಲ್ 2025

ಅಂಕಲ್,

ಒಪ್ಪಿಕೊಂಡದ್ದಕ್ಕೆ ತುಂಬಾ ಥ್ಯಾಂಕ್ಸ್. ನಿಮ್ಮ ಕಾಗದವನ್ನು ನಾನೂ ಅಮ್ಮನೂ ಮಾತ್ರ ಓದುತ್ತೇವೆ. ಕೋಚ್‌ಗೂ ತೋರಿಸಿಲ್ಲ.

ಜರ್ಸಿ ವಿಚಾರಿಸಿದೆ. ಯಾರದೂ ಅಲ್ಲವಂತೆ. ಹಳೆಯದು ಸಿಗಲಿಲ್ಲವೆಂದು ಯಾವುದೋ ವರ್ಷ ಹೊಸದು ಹೊಲಿಸಿದ್ದಾರೆ. ಐಸ್ ಕಚಾಂಗ್ ಬಗ್ಗೆ ಹುಡುಗರಿಗೆ ಹೇಳಲಿಲ್ಲ. ಹೋದ ವಾರ ಸೋತು ತಿಂದರು. ಕ್ಯಾಪ್ಟನ್ ಹಫೀಜ್ ಚಮಚ ಮೇಲೆತ್ತಿ ಎಲ್ಲರಿಂದ ಶಪಥ ಮಾಡಿಸಿದ. ನಾನು ನಗು ತಡೆದುಕೊಂಡು ಫೋಟೋ ತೆಗೆದೆ.

ಆ ಅಜ್ಜಿ ಯಾವ ಬ್ಲಾಕಿನವರು? ನಾವಿರುವುದೂ ಸೆಂಬವಾಂಗ್‌ನಲ್ಲೇ. ವಾಯ್ಡ್ ಡೆಕ್‌ಗಳಲ್ಲಿ ಈಗ ಚೆಂಡಾಟ ಆಡಬಾರದೆಂದು ಬೋರ್ಡು ಹಾಕಿದ್ದಾರೆ. ಅದು ನಿಮ್ಮಿಂದಲೇ ಇರಬಹುದು.

ಎಕ್ಸಾಮ್ ಹತ್ತಿರ ಬಂತು. ಉಳಿದದ್ದು ಆಮೇಲೆ ಬರೆಯುತ್ತೇನೆ.

ಅಪೇಕ್ಷಾ


ಬ್ಯೂನಾ ವಿಸ್ಟಾ
25 ಏಪ್ರಿಲ್ 2025

ಅಪೇಕ್ಷಾ,

ನೀನು ಜರ್ಸಿಗೆ ಉತ್ತರ ಬರೆದೆ, ಅಜ್ಜಿಗೆ ಬರೆದೆ, ಐಸ್ ಕಚಾಂಗಿಗೂ ಬರೆದೆ. ಸಂಪತ್ ಬಗ್ಗೆ ಕೇಳಿದ್ದಕ್ಕೆ ಮಾತ್ರ ಎಕ್ಸಾಮ್ ಬಂತು. ನನಗೇನೂ ಹೇಳಬೇಡವೆಂದು ಅವನೇ ಹೇಳಿರಬೇಕು. ಅವನ ಹಠ ನನಗೆ ಗೊತ್ತಿಲ್ಲವೇ. ನಾವಿಬ್ಬರೂ ಇದ್ದ ರೂಮಿನಲ್ಲಿ ಫ್ಯಾನ್ ಎಷ್ಟು ಜೋರಾಗಿರಬೇಕು ಎಂಬ ವಿಷಯಕ್ಕೆ ವಾರಗಟ್ಟಲೆ ಮಾತು ಬಿಟ್ಟವನು. ನಾನೇನು ಕಡಿಮೆಯಲ್ಲ, ಅಷ್ಟೂ ದಿನ ಸೆಕೆಯಲ್ಲೇ ಮಲಗಿದೆ.

ನಿನ್ನ ಮೊದಲ ಕಾಗದ ಬಂದಾಗಿನಿಂದ ಯೋಚಿಸುತ್ತಿದ್ದೇನೆ. ನಾನಿಲ್ಲದೆ ನನ್ನ ಹೆಸರು ಕೂಗುವುದನ್ನು ಶುರು ಮಾಡಿದ್ದು ಅವನೇ, ಅನುಮಾನವಿಲ್ಲ. ಹಂಗಿಸಲಿಕ್ಕೆ ಕೂಗಿದ್ದಾನೆ ಎಂದು ಮೊದಲು ಅಂದುಕೊಂಡೆ. ಈಗ ಹಾಗೆ ಅನ್ನಿಸುವುದಿಲ್ಲ. ಹಂಗಿಸುವವರು ಒಂದು ವರ್ಷ ಹಂಗಿಸಿ ಮರೆಯುತ್ತಾರೆ.

ನಿಶ್ಚಿತಾಗೆ ಹೇಳಿದೆ. ‘ನಿಮಗೂ ನಲವತ್ತೈದಾಯ್ತು, ಅವರಿಗೂ ಆಗಿರುತ್ತೆ. ಇಬ್ಬರಲ್ಲಿ ಯಾರಾದ್ರೂ ಒಬ್ಬರು ಬಾಯಿ ಬಿಡಬೇಕಲ್ಲ’ ಅಂದಳು. ಸರಿ, ನಾನೇ ಬಿಡುತ್ತೇನೆ. ನಿಮ್ಮ ಮೀಟಿಂಗ್ ಮುಗಿಯಲಿ. ಜುಲೈನ ಮ್ಯಾಚಿಗೆ ಬರುತ್ತೇನೆ. ಮುಂಚೆಯೇ ಅವನಿಗೆ ತಿಳಿಸು. ಅವನಿಗೆ ಇಷ್ಟವಿಲ್ಲದಿದ್ದರೆ ಮೂಲೆಯಲ್ಲಿ ಕೂತು ನೋಡಿ ಹೋಗುತ್ತೇನೆ. ಇಷ್ಟವಿದ್ದರೆ ಕೆಳಗೆ ಇಬ್ಬರೂ ಏನಾದರೂ ತಿನ್ನಬಹುದು. ಅವನನ್ನು ನೋಡಬೇಕೆನ್ನಿಸಿದೆ ಎಂದೇ ಹೇಳು, ಪರವಾಗಿಲ್ಲ.

ಇತಿ,
ಅನಂತರಾಮ್


ಸೆಂಬವಾಂಗ್
29 ಏಪ್ರಿಲ್ 2025

ಅನಂತರಾಮ್ ಅಂಕಲ್,

ಈ ಕಾಗದವನ್ನು ಅಮ್ಮ ತಿದ್ದಿಲ್ಲ.

ಸಂಪತ್ ಅಂಕಲ್ ತೀರಿಕೊಂಡಿದ್ದಾರೆ. ಹೋದ ವರ್ಷ ಜೂನ್‌ನಲ್ಲಿ. ಬೆಳಿಗ್ಗೆ ಸೆಂಬವಾಂಗ್ ಪಾರ್ಕಿಗೆ ವಾಕಿಂಗ್ ಹೋದವರು ಅಲ್ಲೇ ಕುಸಿದರು. ಹಾರ್ಟ್ ಅಟ್ಯಾಕ್. ಅವರ ಹೆಂಡತಿ ಶೋಭಾ ಆಂಟಿ ಅಮ್ಮನಿಗೆ ಭಜನೆಯಲ್ಲಿ ಪರಿಚಯ. ನಾನೂ ಅಮ್ಮನೂ ಅವರ ಮನೆಗೆ ಹೋಗಿದ್ದೆವು.

ನಿಮಗೆ ಗೊತ್ತಿರಬಹುದು ಎಂದುಕೊಂಡಿದ್ದೆ. ಏಪ್ರಿಲ್‌ನಲ್ಲಿ ಮೊದಲ ವಾರ ನೀವು ಕೇಳಿದಾಗ ಗೊತ್ತಿಲ್ಲವೆಂದು ತಿಳಿಯಿತು. ಆಗಲೇ ಬರೆಯಬೇಕಿತ್ತು. ಬರೆದರೆ ನೀವು ಬೇಜಾರಾಗಿ ಕಮಿಟಿಯ ವಿಷಯ ಬೇಡವೆಂದುಬಿಟ್ಟರೆ ಎಂದು ಹೆದರಿದೆ. ನನ್ನದು ಸ್ವಾರ್ಥ ಅಂಕಲ್.

ಅವರು ಪ್ರತಿ ವರ್ಷ ಮೊದಲ ಮ್ಯಾಚಿಗೆ ಬರುತ್ತಿದ್ದರು. ಮೇಲಿನ ಸಾಲಿನಲ್ಲಿ ಒಬ್ಬರೇ ನಿಂತಿರುತ್ತಿದ್ದರು, ಕೂರುತ್ತಿರಲಿಲ್ಲ. ನಿಮ್ಮ ಹೆಸರು ಕೂಗಿ, ಮೌನ ಮುಗಿದು ಆಟ ಶುರುವಾದರೆ ಹೊರಟುಬಿಡುತ್ತಿದ್ದರು. ನಾನು ಫಸ್ಟ್ ಇಯರಿನಲ್ಲಿದ್ದಾಗ ಒಮ್ಮೆ ಓಡಿಹೋಗಿ ಕೇಳಿದೆ: ‘ಅಂಕಲ್, ಅನಂತರಾಮ್ ಅಂಕಲ್‌ಗೆ ಏನಾಯ್ತು?’ ‘ಅವನು ಬರಲಿಲ್ಲಮ್ಮ’ ಅಂದರು. ದುಃಖದಲ್ಲಿ ಹಾಗೆ ಹೇಳುತ್ತಿದ್ದಾರೆ ಎಂದುಕೊಂಡೆ.

ಹೋದ ವರ್ಷ ಮೇಲಿನ ಸಾಲು ಖಾಲಿ ಇತ್ತು. ಅವರ ಹೆಸರನ್ನು ಯಾರೂ ಕೂಗಲಿಲ್ಲ. ನಿಮ್ಮದನ್ನೇ ಕೂಗಿದೆವು.

ಅಪೇಕ್ಷಾ


ಬ್ಯೂನಾ ವಿಸ್ಟಾ
13 ಮೇ 2025

ಅಪೇಕ್ಷಾ,

ಕಾಗದ ತಲುಪಿತು. ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದೆರಡು ದಿನ ಪ್ರಯತ್ನಿಸಿದೆ. ಬರಲಿಲ್ಲ. ಮೊದಲೇ ತಿಳಿಸಿದ್ದರೂ ಆಗಲೇ ತಡವಾಗಿತ್ತು.

ನಿಮ್ಮ ಹುಡುಗರು ಇಷ್ಟು ವರ್ಷ ನನಗೆ ಆಯುಷ್ಯ ಕೂಡಿಸುತ್ತಾ ಬಂದರು. ಅವನಿಗೆ ಯಾರೂ ಕೂಡಿಸಲಿಲ್ಲ. ಇದರಲ್ಲಿ ನಂಬಿಕೆ ಇಲ್ಲದವನು ನಾನು, ಆದರೂ ಇದೇ ತಲೆಯಲ್ಲಿ ಸುತ್ತುತ್ತಿದೆ.

ಕಮಿಟಿಯ ಮುಂದೆ ನಿಜ ಹೇಳಿಬಿಡು. ಸತ್ತಂತೆ ಇರುವುದು ನನ್ನಿಂದ ಇನ್ನು ಆಗುವುದಿಲ್ಲ. ನಿಜವಾಗಿ ಸತ್ತವನೊಬ್ಬನಿರುವಾಗ ನಾನು ಆ ಜಾಗದಲ್ಲಿ ನಿಲ್ಲಬಾರದು. ಹಾಗೆಂದು ಅವನ ಸಾವನ್ನೂ ಅವರ ಮುಂದೆ ಹಿಡಿಯಬೇಡಿ. ಚೀನೀ ಅಜ್ಜಿಯ ಕಥೆ ಹೇಳು, ಗೂನು ಬೆನ್ನಿನ ಕಥೆ ಹೇಳು. ಅದಕ್ಕೆ ಉಳಿಯದಿದ್ದರೆ ತಂಡ ಹೋಗಲಿ.

ಅನಂತರಾಮ್


ಸೆಂಬವಾಂಗ್
1 ಜೂನ್ 2025

ಅನಂತರಾಮ್ ಅಂಕಲ್,

ಹೇಳಿದೆ. ಕೋಚ್ ಮೊದಲೇ ಬೇಡ ಅಂದಿದ್ದರು. ಈಗ ನನ್ನ ಹತ್ತಿರ ಬಸ್ಸಿನ ವಿಷಯ ಬಿಟ್ಟು ಬೇರೇನೂ ಮಾತಾಡುತ್ತಿಲ್ಲ.

ಗೋಲ್‌ಕೀಪರ್ ಸತ್ತಿಲ್ಲ, ಬ್ಯೂನಾ ವಿಸ್ಟಾದಲ್ಲಿದ್ದಾರೆ ಎಂದು ಕಮಿಟಿಗೆ ಹೇಳಿದೆ. ಅವತ್ತು ಕಣ್ಣು ಒರೆಸಿಕೊಂಡಿದ್ದ ಮೇಡಂ ‘ಬದುಕಿದ್ದಾರಾ? ಹಾಗಾದ್ರೆ ಒಳ್ಳೇದೇ ಆಯ್ತಲ್ಲ’ ಅಂದು ನಗಲು ಶುರು ಮಾಡಿದರು. ಅಜ್ಜಿಯ ಕಥೆ ಎರಡು ಸಲ ಹೇಳಿಸಿದರು. ಒಂದು ವರ್ಷ ಟೈಮ್ ಕೊಟ್ಟಿದ್ದಾರೆ. ಆಮೇಲೆ ಮತ್ತೆ ನೋಡುತ್ತಾರಂತೆ. ನಿಮಗೆ ಗೋಲ್‌ಕೀಪಿಂಗ್ ಕಲಿಸಲು ಬರುತ್ತದೆಯೇ ಎಂದು ಕೇಳಿದರು. ಮಂಡಿ ನೋವೆಂದು ನಾನೇ ಹೇಳಿದೆ.

ಹುಡುಗರಿಗೆ ಈಗ ಗೊಂದಲ. ಮೊದಲ ಮ್ಯಾಚು ಜುಲೈ 26. ನಿಮ್ಮ ಹೆಸರು ಕೂಗಬೇಕಾ, ಬೇಡವಾ, ಸಂಪತ್ ಅಂಕಲ್ ಹೆಸರು ಕೂಗಬೇಕಾ ಎಂದು ಹಫೀಜ್ ದಿನಾ ಕೇಳುತ್ತಾನೆ. ನೀವೇ ಹೇಳಿ.

ಶೋಭಾ ಆಂಟಿಗೆ ನಿಮ್ಮ ವಿಷಯ ಅಮ್ಮ ಹೇಳಿದರು. ‘ಅವರಿಗೆ ಅನುಕೂಲವಾದಾಗ ಮನೆಗೆ ಬರಲಿ’ ಎಂದರಂತೆ. ವಿಳಾಸ ಈ ಹಾಳೆಯ ಹಿಂದೆ ಬರೆದಿದ್ದೇನೆ.

ಅಪೇಕ್ಷಾ


ಬ್ಯೂನಾ ವಿಸ್ಟಾ
20 ಜುಲೈ 2025

ಅಪೇಕ್ಷಾ,

ಉತ್ತರಕ್ಕೆ ಇಷ್ಟು ದಿನ ಬೇಕಾಯಿತು. ಎರಡು ಸಲ ಸೆಂಬವಾಂಗ್ ಸ್ಟೇಷನ್‌ವರೆಗೆ ಬಂದು ವಾಪಸ್ ಹೋಗಿದ್ದೆ. ನಿನ್ನೆ ಹೋದೆ.

ಮೊದಲು ನಿಮ್ಮ ಹುಡುಗರ ಪ್ರಶ್ನೆ. ನನ್ನ ಹೆಸರು ಕೂಗಬೇಡಿ, ಅವನದ್ದೂ ಬೇಡ. ಆಡುವವರ ಹೆಸರು ಕೂಗಿ ಆಟ ಶುರು ಮಾಡಿ. ಒಂದನೇ ನಂಬರಿನ ಜರ್ಸಿಯನ್ನು ಈಗಿನ ಗೋಲ್‌ಕೀಪರ್ ಹಾಕಿಕೊಳ್ಳಲಿ.

ಶೋಭಾ ಬಾಗಿಲು ತೆರೆದರು. ನಾನು ಹೆಸರು ಹೇಳುವ ಮುಂಚೆಯೇ ‘ಬನ್ನಿ ಅನಂತರಾಮ್’ ಅಂದರು. ಫೋಟೋದಲ್ಲಿ ನೋಡಿದ್ದರಂತೆ, ಕೂದಲು ಮಾತ್ರ ಹೋಗಿದೆ ಅಂದರು. ಅವನ ಫೋಟೋ ಟೀವಿಯ ಪಕ್ಕದಲ್ಲಿತ್ತು. ಅವನಿಗೂ ಕೂದಲು ಹೋಗಿತ್ತು. ಚಹಾ ತಂದಿಟ್ಟರು. ಅವರು ತುಂಬಾ ಗಟ್ಟಿ ಹೆಂಗಸು.

‘ವರ್ಷಕ್ಕೊಂದ್ಸಲ, ಮೊದಲ ಮ್ಯಾಚಿನ ದಿನ, ನೋಡ್ಕೊಂಡು ಬರ್ತೀನಿ ಅಂತ ಹೋಗೋರು’ ಅಂದರು. ‘ವಾಪಸ್ ಬಂದಾಗ ಕೇಳಿದ್ರೆ, ಬರಲಿಲ್ಲ ಅನ್ನೋರು. ನಾನು ತಟ್ಟೆ ಹಾಕೋಳು. ನೀವು ಸತ್ತೋಗಿದ್ದೀರಿ ಅಂತ ಹುಡುಗರು ಅಂದ್ಕೊಂಡಿದ್ದಾರೆ ಅಂತ ನಗೋರು. ಹೇಳಬಾರದಾ ಅವರಿಗೆ ಅಂದ್ರೆ, ಬದುಕಿದ್ದಾನೆ ಆದ್ರೆ ಬರೋದಿಲ್ಲ ಅಂತ ಹೇಗೆ ಹೇಳ್ಲಿ, ಅದಕ್ಕಿಂತ ಸತ್ತ ಅನ್ನೋದೇ ಅವನಿಗೆ ಮರ್ಯಾದೆ ಅಂತಿದ್ರು.’

ಆಮೇಲೆ ಕೇಳಿದರು: ‘ನಿಮ್ಮಿಬ್ಬರಿಗೆ ಏನಾಗಿತ್ತು? ಅವರು ಒಂದಿನಾನೂ ಹೇಳ್ಲಿಲ್ಲ. ತುಂಬಾ ದೊಡ್ಡದಿರಬೇಕು ಅಂತ ನಾನೂ ಕೆದಕಲಿಲ್ಲ.’

ಹೇಳಿದೆ. ಎರಡನೇ ಸೀಸನ್ನಿಗೆ ಬೆಂಗಳೂರಿನಿಂದ ಹರ್ಷವರ್ಧನ್ ಎಂಬ ಹೊಸ ಹುಡುಗ ಬಂದ. ನನಗಿಂತ ಚೆನ್ನಾಗಿ ಗೋಲು ಕಾಯುತ್ತಿದ್ದ. ಮೊದಲ ಮ್ಯಾಚಿಗೆ ಅವನನ್ನೇ ನಿಲ್ಲಿಸಬೇಕೆಂದು ಸಂಪತ್ ಎಲ್ಲರಿಗೂ ಹೇಳಿದ, ನನಗೊಬ್ಬನಿಗೆ ಹೇಳಲಿಲ್ಲ. ಕ್ಯಾಂಟೀನಿನಲ್ಲಿ ಆ ಹರ್ಷವರ್ಧನನ ಬಾಯಲ್ಲೇ ಕೇಳಿದೆ. ಸಂಪತ್ ಬಂದು ತಾನೇ ಹೇಳಲಿ ಎಂದು ನಾನು ಕಾದೆ. ಬೇಜಾರಾಗಿದ್ದರೆ ಬಂದು ಕೇಳಲಿ ಎಂದು ಅವನು ಕಾದಿರಬೇಕು. ಮ್ಯಾಚಿನ ದಿನ ನಾನು ರಿಂಕಿನ ಕೆಳಗೆ ಹಾಕರ್ ಸೆಂಟರಿನಲ್ಲೇ ಕೂತಿದ್ದೆ. ಅವನು ಇಳಿದು ಬಂದು ಕರೆದರೆ ಹೋಗೋಣ ಎಂದು. ಅವನು ಮೇಲೆ ನಿಂತು ನನ್ನ ಹೆಸರು ಕೂಗುತ್ತಿದ್ದ ಎಂದು ನನಗೆ ತಿಳಿದದ್ದು ನಿನ್ನ ಕಾಗದ ಬಂದ ಮೇಲೆ.

ಹೇಳಿ ಮುಗಿಸಿದೆ. ಚಹಾ ಇನ್ನೂ ಬಿಸಿಯಾಗಿಯೇ ಇತ್ತು. ಶೋಭಾ ನನ್ನ ಮುಖವನ್ನೇ ನೋಡುತ್ತಿದ್ದರು, ಮುಂದೇನೋ ಇದೆ ಎನ್ನುವ ಹಾಗೆ.

‘ಇಷ್ಟೇನಾ?’ ಅಂದರು.

ಇಷ್ಟೇ ಅಂದೆ. ಅಲ್ಲಿಯವರೆಗೆ ಗಟ್ಟಿಯಾಗಿ ಕೂತಿದ್ದವರು ಆಗ ಅತ್ತರು.

ಇತಿ,
ಅನಂತರಾಮ್